ಜಡ್ಜ್ ಸಾಹೇಬರ ಸುತ್ತುದಾರಿ

ನಮ್ಮ ಮಾವನ ಬಾಯಿಂದ ಮಾತು ಹೊರಡಿಸುವುದು ಕಲ್ಲಿನಿಂದ ನಾರು ತೆಗೆದ ಹಾಗೆ ಎಂದು ಅಮ್ಮ ಹೇಳುತ್ತಿದ್ದಳು. ಮಾವ ಎಂದರೆ ಅಮ್ಮನ ತಮ್ಮ. ಹೈಕೋರ್ಟಿನ ಜಡ್ಜ್ ಒಬ್ಬರ ಕಾರು ಓಡಿಸುತ್ತಿದ್ದ. ನಮ್ಮ ಸಾಲುಮನೆಗಳವರು ಅವನಿಗೆ ‘ಬೀಗ’ ಎಂದು ಹೆಸರಿಟ್ಟಿದ್ದರು. ಹೊಸದಾಗಿ ಬಂದವರು ಅದನ್ನು ಕೇಳಿ ಯಾರ ಮನೆಯ ಬೀಗರು ಎಂದು ವಿಚಾರಿಸುವರು. ಮದುವೆಯನ್ನೇ ಆಗದ ಮನುಷ್ಯ ಯಾರಿಗೆ ಬೀಗನಾಗಬೇಕು? ಅದು ಬಾಯಿಗೆ ಹಾಕುವ ಬೀಗ ಎಂದು ಬಿಡಿಸಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಅವರಿಬ್ಬರ ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರು. ಆಗ ಅಮ್ಮನಿಗಿನ್ನೂ ಮದುವೆಯ ವಯಸ್ಸಲ್ಲ, ಮಾವ ಇನ್ನೂ ಚಡ್ಡಿ ಹಾಕುವ ಹುಡುಗ. ಅಮ್ಮ ಹೊಲಿಗೆ ಕಲಿತಳು, ಹೊಲಿದು ಅವನನ್ನು ಸಾಕಿದಳು. ಅವನ ಲೈಸೆನ್ಸು, ಮೊದಲ ಜೊತೆ ಬೂಟು, ಕೋರ್ಟಿನ ಕೆಲಸದ ಸಂದರ್ಶನಕ್ಕೆ ಹಾಕಿಕೊಂಡು ಹೋದ ಬಿಳಿ ಅಂಗಿ, ಎಲ್ಲವೂ ಆ ಮಿಷನ್ನಿನಿಂದಲೇ ಬಂದವು. ನಮ್ಮ ಮನೆಗೆ ಇದ್ದದ್ದು ಎರಡೇ ಕೋಣೆ. ಮುಂದಿನದು ಹೊಲಿಗೆ ಅಂಗಡಿ, ಹಿಂದಿನದು ಉಳಿದ ಸಂಸಾರ. ಕಿಟಕಿಯ ಬೆಳಕು ಬೀಳುವ ಕಡೆಯೇ ಮಿಷನ್ನು. ಅಳತೆ ಕೊಡಲು ಬಂದ ಹೆಂಗಸರು ಹೊಸ್ತಿಲ ಮೇಲೆ ಕೂತು ತಮ್ಮ ಮನೆಯ ಕಥೆಯನ್ನೆಲ್ಲ ಬಿಚ್ಚಿಡುವರು. ಅಪ್ಪ ಹೋದ ಮೇಲೂ ನಾವು ಯಾರ ಮುಂದೂ ಕೈ ಚಾಚದೆ ಬದುಕಿದ್ದು ಆ ಹೊಸ್ತಿಲಿಂದ. ಮಾವ ಜಡ್ಜರ ಬಂಗಲೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ. ಭಾನುವಾರ ಮಾತ್ರ ನಮ್ಮಲ್ಲಿ ಊಟ.

ಅವನಿಗೆ ಕೆಲಸ ಕಲಿಸಿದ ಹಳೆಯ ಡ್ರೈವರು ಒಂದು ಮಾತು ಹೇಳಿಕೊಟ್ಟಿದ್ದರಂತೆ. ಕಾರಿನಲ್ಲಿ ಜಡ್ಜ್ ಕೂತ ಮೇಲೆ ಊರು ಒಳಗೆ ಬರಬಾರದು. ಮಾವ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ, ಹೇಳಿದವರಿಗೇ ಅಷ್ಟು ನಂಬಿಕೆ ಇತ್ತೋ ಇಲ್ಲವೋ. ಕಾರಿನಲ್ಲಿ ಪತ್ರಿಕೆ ಇಲ್ಲ, ರೇಡಿಯೋ ಇಲ್ಲ, ಗಾಜು ಸದಾ ಮೇಲಕ್ಕೆ. ಎಲ್ಲಕ್ಕಿಂತ ದೊಡ್ಡದು ದಾರಿ. ಊರು ಮಾತಾಡಿಕೊಳ್ಳುವಂಥ ಕೇಸು ನಡೆಯುತ್ತಿದ್ದರೆ ಮಾವ ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿ ಬಂಗಲೆಯಿಂದ ಕೋರ್ಟಿನ ತನಕ ನೋಡಿಕೊಂಡು ಬರುವನು. ಎಲ್ಲಿ ಬ್ಯಾನರ್ ಕಟ್ಟಿದ್ದಾರೆ, ಎಲ್ಲಿ ಗೋಡೆ ಮೇಲೆ ಬರೆದಿದ್ದಾರೆ, ಎಲ್ಲಿ ಜನ ಸೇರುವ ಹಾಗಿದೆ ಎಂದು ತಿಳಿದುಕೊಂಡು, ಅವನ್ನೆಲ್ಲ ಬಿಟ್ಟು ಸುತ್ತುದಾರಿ ಹಿಡಿಯುವನು. ಹಾಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಸಾಹೇಬರು ಈವತ್ತು ಯಾಕೆ ಈ ದಾರಿ ಎಂದು ಒಂದು ದಿನವೂ ಕೇಳಿರಲಿಲ್ಲ.

“ಏನ್ ಮಾವ, ನಿಮ್ ಸಾಹೇಬ್ರು ಉಪ್ಪಿನಕಾಯಿನಾ, ಗಾಳಿ ತಾಗಿದ್ರೆ ಬೂಷ್ಟು ಹಿಡಿಯೋಕೆ?” ಎಂದು ನಾನು ಕೆಣಕುತ್ತಿದ್ದೆ. ಅವನು ನಕ್ಕು ಸುಮ್ಮನಾಗುವನು. ಆ ನಗುವಿನಲ್ಲಿ ಹೆಮ್ಮೆ ಇತ್ತು ಎಂಬುದು ನನಗೆ ಕಾಣುತ್ತಿತ್ತು. ದೇಶ ನಡೆಸುವ ಕೆಲಸದಲ್ಲಿ ತನ್ನದೂ ಒಂದು ಸ್ಟೇರಿಂಗ್ ಇದೆ ಎನ್ನುವಂಥ ಹೆಮ್ಮೆ.

ಹೀಗಿರುವಾಗ ನಮ್ಮ ಸಾಲಿನ ತಲೆಯ ಮೇಲೇ ಕೇಸು ಬಂತು. ದೊಡ್ಡ ಆಸ್ಪತ್ರೆಗೆ ಹೋಗುವ ರಸ್ತೆ ನಮ್ಮ ಸಾಲಿನ ಹತ್ತಿರ ಬಂದು ಇಕ್ಕಟ್ಟಾಗುತ್ತದೆ. ಒಂದು ಸಂಜೆ ಅಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡು, ಒಳಗಿದ್ದ ಶಾಲೆಯ ಟೀಚರೊಬ್ಬರು ತೀರಿಕೊಂಡರು. ನಮ್ಮ ಮನೆಗಳು ನಗರಸಭೆಯ ಜಾಗದಲ್ಲಿದ್ದವು. ಈಗ ಮುಚ್ಚಿಹೋದ ಕಾರ್ಖಾನೆಯೊಂದು ಅಜ್ಜನ ಕಾಲದಲ್ಲಿ ಕೆಲಸಗಾರರಿಗೆಂದು ಕಟ್ಟಿಸಿಕೊಟ್ಟಂಥವು. ಟೀಚರ್ ಸತ್ತ ತಿಂಗಳಲ್ಲೇ ನೋಟೀಸು ಬಂತು. ರಸ್ತೆ ಅಗಲ ಮಾಡಬೇಕು, ಇಡೀ ಸಾಲು ತೆರವಾಗಬೇಕು. ನಾವು ಕೋರ್ಟಿಗೆ ಹೋದೆವು. ಕೇಸು ಸುತ್ತಿ ಸುತ್ತಿ ಮಾವನ ಸಾಹೇಬರ ಮುಂದೆಯೇ ಬಂದು ಕೂತಿತು.

ಆ ಭಾನುವಾರ ಮಾವ ಊಟಕ್ಕೆ ಕೂರಲಿಲ್ಲ. ಹೊಸ್ತಿಲಾಚೆಯೇ ನಿಂತು, ಕೇಸು ಮುಗಿಯುವ ತನಕ ತಾನು ಈ ಮನೆಗೆ ಬರುವುದಿಲ್ಲ ಎಂದ. ಅಮ್ಮ ಕತ್ತರಿ ಕೆಳಗಿಟ್ಟಳು.

“ಮನೆ ಉಳಿಸಿ ಅಂತ ಕೇಳು ಅನ್ನಲ್ಲ ಕಣೋ. ಅಲ್ಲಿ ನಮ್ಮಕ್ಕ ಇದಾಳೆ ಅಂತ ಒಂದ್ ಮಾತು ಅವರ ಕಿವಿಗೆ ಹಾಕು, ಸಾಕು.”

“ಅದೇ ಅರ್ಜಿ, ಅಕ್ಕ. ಅದಕ್ಕಿಂತ ದೊಡ್ಡ ಅರ್ಜಿ ಯಾವ್ದಿದೆ?”

ಅಮ್ಮ ಮಿಷನ್ನಿಗೆ ಬೆನ್ನು ಬಗ್ಗಿಸಿದಳು. ಮಾವ ಹೊರಟುಹೋದ. ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಹೆತ್ತವರಂತೆ ಸಾಕಿದವಳಿಗೆ ಒಂದು ಮಾತು ಕೊಡಲಾರದ ಬಾಯಿ ಯಾವ ಪುರುಷಾರ್ಥಕ್ಕೆ?

ನಮ್ಮ ವಕೀಲರು ಬಹಳ ದಿನಗಳ ಮೇಲೆ ಹೇಳಿದರು, ಅವನು ಮಾಡಬೇಕಾದದ್ದು ಬೇರೆಯೇ ಇತ್ತಂತೆ. ನನ್ನ ಅಕ್ಕನ ಮನೆ ಈ ಕೇಸಿನಲ್ಲಿದೆ, ನನ್ನನ್ನು ಬೇರೆ ಕಾರಿಗೆ ಹಾಕಿ ಎಂದು ಕಚೇರಿಯಲ್ಲಿ ತಿಳಿಸಿದ್ದರೆ ಮುಗಿದಿತ್ತು. ಆದರೆ ಮಾವನ ಲೆಕ್ಕದಲ್ಲಿ ಅದೂ ಒಂದು ಮಾತೇ, ಅದೂ ಸಾಹೇಬರ ಕಿವಿಗೆ ಬೀಳುವಂಥದ್ದೇ. ಹೇಳಿದರೆ ಶಿಫಾರಸು, ಹೇಳದಿದ್ದರೆ ಮುಚ್ಚುಮರೆ. ಎರಡರಲ್ಲಿ ಅವನು ತನಗೆ ಅಭ್ಯಾಸವಾಗಿದ್ದನ್ನು ಆರಿಸಿಕೊಂಡ.

ಆಗ ಊರೆಲ್ಲ ರಸ್ತೆಯ ಕಡೆ ಇತ್ತು. ನಾನು ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಾತ್ರೆ ಕೊಳ್ಳಲು ಬಂದವರು ಗಲ್ಲಾದ ಮುಂದೆ ನಿಂತೇ ನಮ್ಮ ಮನೆ ಕೆಡವುತ್ತಿದ್ದರು. ನಾಲ್ಕು ಜೋಪಡಿಗೋಸ್ಕರ ಊರು ಸಾಯಬೇಕೇನು ಎನ್ನುವವರು ಕೆಲವರು. ಅಲ್ಲಿರುವವರೆಲ್ಲ ಕಳ್ಳರಂತೆ, ಹೊರಗೆ ಬಂಗಲೆ ಕಟ್ಟಿಸಿಕೊಂಡು ಇದನ್ನು ಬಾಡಿಗೆಗೆ ಬಿಟ್ಟಿದ್ದಾರಂತೆ ಎನ್ನುವವರು ಇನ್ನು ಕೆಲವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕೆಮ್ಮಿನ ಔಷಧಿ ಕೊಡುತ್ತಾ ನಾನೂ ತಲೆಯಾಡಿಸಬೇಕಾಗುತ್ತಿತ್ತು. ಕೋರ್ಟಿನ ಗೇಟಿನ ಮುಂದೆ ದಿನಾ ಬೆಳಗ್ಗೆ ‘ರಸ್ತೆ ಬೇಕು’ ಎಂಬ ಫಲಕ ಹಿಡಿದು ಜನ ನಿಲ್ಲುವರು. ಮಾವ ಅವರನ್ನು ತಪ್ಪಿಸಲು ಕಾಳಿನ ಮಂಡಿಯ ಹಿಂದಿನಿಂದ ಸುತ್ತಿ, ಕೋರ್ಟಿನ ಹಿಂಬಾಗಿಲಿಗೆ ಕಾರು ತರುತ್ತಿದ್ದ. ಅದಕ್ಕೆ ಮಾತ್ರ ನನ್ನ ಆಕ್ಷೇಪಣೆ ಇರಲಿಲ್ಲ.

ಗಾಳಿ ತಿರುಗಿದ್ದು ಸತ್ತ ಟೀಚರ ಗಂಡನಿಂದ. ಅವರು ಒಂದು ದಿನ ತಾವಾಗಿಯೇ ನಮ್ಮ ಸಾಲಿಗೆ ಬಂದರು. ಆ ಸಂಜೆ ಆಂಬುಲೆನ್ಸಿಗೆ ಅಡ್ಡವಾದದ್ದು ನಮ್ಮ ಮನೆಗಳಲ್ಲ, ಎದುರಿನ ದೊಡ್ಡ ಬಟ್ಟೆ ಅಂಗಡಿಯ ಗಿರಾಕಿಗಳು ರಸ್ತೆ ಮೇಲೇ ಬಿಟ್ಟುಹೋಗಿದ್ದ ಕಾರುಗಳು ಎಂದು ಪತ್ರಿಕೆಯವರ ಮುಂದೆ ಹೇಳಿದರು. ನಮ್ಮ ಹೊಸ್ತಿಲ ಮೇಲೆ ಕೂತು ನೀರು ಕೇಳಿ ಕುಡಿದರು. ಆ ಫೋಟೋ ಪತ್ರಿಕೆಯಲ್ಲಿ ಬಂತು. ವಾರ ಕಳೆಯುವಷ್ಟರಲ್ಲಿ ನನ್ನ ಅಂಗಡಿಗೆ ಬರುವ ಅದೇ ಜನ, ಅದೇ ಬಾಯಿ, ಪಾಪ ಬಡವರ ಮನೆಗಳ ಮೇಲೆ ಯಾಕೆ ಕಣ್ಣು ಎನ್ನತೊಡಗಿದರು.

ನಾನು ಬಿಡುತ್ತೇನೆಯೇ? ರಜೆ ಹಾಕಿ, ಮನೆಮನೆಗೆ ಹೋಗಿ ಜನ ಸೇರಿಸಿದೆ. ಮೊದಲು ನಮ್ಮ ಸಾಲಿನವರಷ್ಟೇ ಇದ್ದೆವು. ಆಮೇಲೆ ಕಾಲೇಜಿನವರು, ಆಮೇಲೆ ಟೀಚರ ಶಾಲೆಯವರು, ಆಮೇಲೆ ಯಾರು ಯಾರೋ. ಕೂಗುವುದು ಬೇಡ, ಸಾಹೇಬರು ಬರುವ ದಾರಿಯಲ್ಲಿ ಸುಮ್ಮನೆ ನಿಲ್ಲೋಣ, ಅವರು ನಮ್ಮ ಮುಖ ನೋಡಲಿ ಎಂದು ತೀರ್ಮಾನಿಸಿದೆವು. ದೊಡ್ಡ ರಸ್ತೆಯಲ್ಲಿ ನಿಂತೆವು, ಕಾರು ಬರಲಿಲ್ಲ. ಮಂಡಿಯ ಹಿಂದೆ ನಿಂತೆವು, ಕಾರು ಬೇರೆಲ್ಲೋ ತಿರುಗಿತ್ತು. ಎರಡೂ ಕಡೆ ಜನ ನಿಲ್ಲಿಸಿದೆ, ಕಾರು ಇನ್ನೂ ದೂರದಿಂದ ಬಳಸಿಕೊಂಡು ಹೋಯಿತು. ಸ್ವಂತ ಅಕ್ಕನ ಮಗಳಿಗೆ ಹೀಗೆ ಕಣ್ಣಾಮುಚ್ಚಾಲೆ ಆಡಿಸುವ ಮಾವ ಜಗತ್ತಿನಲ್ಲಿ ಇನ್ನೊಬ್ಬ ಇದ್ದಾನೆಯೇ ಎಂದು ಅಮ್ಮನ ಮುಂದೆ ಕೂಗಾಡಿದೆ. ಅಮ್ಮ ಬಾಯಲ್ಲಿ ದಾರ ಕಚ್ಚಿಕೊಂಡು ಹೊಲಿಗೆ ಮುಂದುವರಿಸಿದಳು. ಅವಳು ಒಂದು ದಿನವೂ ನಮ್ಮ ಗುಂಪಿಗೆ ಬರಲಿಲ್ಲ. ಮರ್ಯಾದೆಯಾಗಿ ಬದುಕಿದ ಮನೆಯನ್ನು ಬೀದಿಯಲ್ಲಿ ನಿಂತು ಕೇಳುವುದೇನು ಎನ್ನುತ್ತಿದ್ದಳು.

ತೀರ್ಪು ಇಷ್ಟರಲ್ಲೇ ಬರುತ್ತದೆ ಎಂದು ವಕೀಲರು ಹೇಳಿದ್ದರು. ಆ ದಿನಗಳಲ್ಲಿ ಕೋರ್ಟಿನ ಟೀ ಅಂಗಡಿಯವರು ಅಮ್ಮನ ಹತ್ತಿರ ಅಂಗಿ ಹೊಲಿಸಲು ಬಂದು, ನಿಮ್ಮ ತಮ್ಮ ತೀರಾ ಸೊರಗಿದ್ದಾನೆ, ಬ್ರೆಡ್ಡಿನಲ್ಲೇ ಹೊಟ್ಟೆ ಹೊರೆಯುತ್ತಾನೆ ಎಂದು ಹೇಳಿಹೋದರು. ಅಮ್ಮನ ತಲೆಯಲ್ಲಿ ಉಳಿದದ್ದು ಅದೊಂದೇ. ಮಾರನೆಯ ದಿನ ಬೆಳಗ್ಗೆ ನನಗೂ ಹೇಳದೆ ಊಟದ ಡಬ್ಬಿ ಕಟ್ಟಿಕೊಂಡು ಹೊರಟಳು. ನಾವು ಅಷ್ಟು ಜನ ಸೇರಿ ಹುಡುಕಲಾಗದ ದಾರಿ ಅವಳಿಗೆ ಹುಡುಕದೆಯೇ ಸಿಕ್ಕಿತು. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸುವಾಗ ಮಾವ ಕಾಲುವೆಯ ಏರಿ ಹಿಡಿದು ಹೋಗುತ್ತಿದ್ದನಂತೆ. ಅಡಗಬೇಕಾದಾಗ ಅವನು ಅಲ್ಲಿಗೇ ಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಏರಿಯ ಮೇಲೆ ಹೋಗಿ ನಿಂತಳು. ಕಾರು ಬಂತು.

ಮಾವ ನಿಲ್ಲಿಸಲಿಲ್ಲ. ಆದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿ ಕಾರು ನಿಧಾನವಾಯಿತಂತೆ. ಅಮ್ಮ ಕೈ ಎತ್ತಿದಳು. ಹಿಂದಿನಿಂದ ಸಾಹೇಬರು, ಯಾರೋ ನಿನ್ನ ಕರೀತಿದಾರೆ, ನಿಲ್ಲಿಸು ಎಂದರು. ಯಾರು ಎಂದು ಕೇಳಿದರು. ನಮ್ಮಕ್ಕ ಎಂದ. ಅಮ್ಮ ಸಾಹೇಬರಿಗೆ ನಮಸ್ಕಾರ ಮಾಡಿ, ಡಬ್ಬಿಯನ್ನು ಕಿಟಕಿಯಿಂದ ಒಳಗೆ ಕೊಟ್ಟು, ಬಿಸಿ ಆರೋ ಮುಂಚೆ ತಿನ್ನು ಎಂದಷ್ಟೇ ಹೇಳಿ ತಿರುಗಿ ನಡೆದಳು. ಕೇಸಿನ ಬಗ್ಗೆ ಚಕಾರವೆತ್ತಲಿಲ್ಲ. ಕಾರು ಹೊರಟ ಮೇಲೆ ಸಾಹೇಬರು ಲೋಕಾಭಿರಾಮವಾಗಿ ಕೇಳಿದರಂತೆ, ನಿಮ್ಮಕ್ಕನ ಮನೆ ಎಲ್ಲಿ ಎಂದು. ಮಾವನಿಗೆ ಮಾತು ನುಂಗುವುದು ಗೊತ್ತಿತ್ತು, ಸುಳ್ಳು ಹೇಳುವುದು ಗೊತ್ತಿರಲಿಲ್ಲ. ಹೇಳಿದ.

ಸಾಹೇಬರು ಇಳಿಯುವಾಗ, ಇದನ್ನ ನೀನು ಮೊದಲೇ ಹೇಳಬೇಕಿತ್ತು ಎಂದರು. ಆ ದಿನವೇ ಕೋರ್ಟಿನಲ್ಲಿ, ಈ ಕೇಸನ್ನು ತಾನು ಮುಂದುವರಿಸುವುದಿಲ್ಲ, ಬೇರೆಯವರು ಕೇಳಲಿ ಎಂದು ಬಿಟ್ಟುಬಿಟ್ಟರು. ಕಾರಣ ಹೇಳಲಿಲ್ಲ.

ಬೇರೆ ಜಡ್ಜ್ ಮೊದಲಿನಿಂದ ಕೇಳಿದರು. ತಿಂಗಳುಗಟ್ಟಲೆ ಎಳೆಯಿತು. ಅಷ್ಟರಲ್ಲಿ ಊರಿಗೆ ನಾವು ಹಳಸಿಹೋಗಿದ್ದೆವು. ಕಾಲೇಜಿನವರಿಗೆ ಪರೀಕ್ಷೆ ಬಂತು, ಪತ್ರಿಕೆಯವರಿಗೆ ಬೇರೆ ಸುದ್ದಿ ಬಂತು, ಫಲಕ ಹಿಡಿಯಲು ಉಳಿದದ್ದು ನಾವು ನಾವೇ. ರಸ್ತೆ ಕೇಳುವವರು ಮತ್ತೆ ಜೋರಾದರು. ಈ ಜಡ್ಜರ ಕಾರು ದಿನಾ ನೆಟ್ಟಗೆ ಆ ಗುಂಪಿನ ನಡುವೆಯೇ ಬರುತ್ತಿತ್ತು. ಕೊನೆಗೆ ತೀರ್ಪು ಬಂದಾಗ ಸಾಲು ಹೋಗಬೇಕು ಎಂದಾಯಿತು. ಊರಾಚೆ ಕಟ್ಟಿರುವ ಎತ್ತರದ ಕಟ್ಟಡದಲ್ಲಿ ಪ್ರತಿ ಮನೆಗೂ ಒಂದು ಫ್ಲ್ಯಾಟ್ ಕೊಡಬೇಕು ಎಂದೂ ಇತ್ತು. ಅನ್ಯಾಯ ಎನ್ನಲಾಗದು, ನ್ಯಾಯ ಎನ್ನಲು ಬಾಯಿ ಬಾರದು.

ಸಾಲಿನವರು ತಪ್ಪು ಹೊರಿಸಲು ದೂರ ಹೋಗಲಿಲ್ಲ. ಏರಿಯ ಮೇಲೆ ನಡೆದದ್ದು ಅಮ್ಮನ ಬಾಯಿಂದಲೇ ಅವರಿಗೆ ತಿಳಿದಿತ್ತು. ಮೊದಲಿನ ಸಾಹೇಬರೇ ಇದ್ದಿದ್ದರೆ ಮನೆ ಉಳಿಯುತ್ತಿತ್ತು, ಇವಳು ಡಬ್ಬಿ ಹಿಡಿದು ಅಡ್ಡ ನಿಂತು ಕೆಡಿಸಿದಳು ಎಂದರು. ಎಷ್ಟೋ ವರ್ಷ ಹೊಸ್ತಿಲ ಮೇಲೆ ಕೂತು ಕಥೆ ಹೇಳಿದ್ದ ಹೆಂಗಸರು, ಸಾಮಾನು ಸಾಗಿಸುವ ದಿನ ಅಮ್ಮನ ಮುಖ ನೋಡಲಿಲ್ಲ. ಊರ ಬಾಯಿಗೆ ಮುಚ್ಚಳವಿಲ್ಲ ಎಂದು ಅಮ್ಮ ಮಿಷನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿದಳು.

ಹೊಸ ಫ್ಲ್ಯಾಟಿನಲ್ಲಿ ನಲ್ಲಿ ತಿರುಗಿಸಿದರೆ ನೀರು, ಗೋಡೆಗೆ ಬಣ್ಣ, ಯಾವುದಕ್ಕೂ ಕಡಿಮೆ ಇರಲಿಲ್ಲ. ರವಿಕೆಗೆ ಅಳತೆ ಕೊಡಲು ಮಾತ್ರ ನಾಲ್ಕು ಮಹಡಿ ಹತ್ತಿ ಯಾರು ಬರುತ್ತಾರೆ? ಅಮ್ಮ ಕಿಟಕಿಯ ಹತ್ತಿರ ಮಿಷನ್ ಇಟ್ಟುಕೊಂಡು, ಹೊಲಿದ ತಲೆದಿಂಬಿನ ಕವರುಗಳನ್ನೇ ಬಿಚ್ಚಿ ಹೊಲಿಯುತ್ತಿದ್ದಳು. ಮಾವ ಮತ್ತೆ ಭಾನುವಾರ ಬರತೊಡಗಿದ. ಅವಳು ಬಡಿಸುವಳು, ಅವನು ಉಣ್ಣುವನು. ಡಬ್ಬಿ ತಂದದ್ದಕ್ಕೆ ಅಕ್ಕ ಒಳಗೊಳಗೇ ಕೊರಗುತ್ತಿದ್ದಾಳೆ ಎಂದು ಅವನ ನಂಬಿಕೆ, ನನ್ನದೂ ಅದೇ. ಅವಳನ್ನು ಸಮಾಧಾನ ಮಾಡುವ ಮಾತು ಅವನಿಗೆ ಹೊಳೆಯಲಿಲ್ಲ. ಅವನಿಗೆ ಯಾವ ಮಾತು ತಾನೇ ಹೊಳೆದಿತ್ತು!

ಸಾಹೇಬರು ನಿವೃತ್ತರಾದ ದಿನ ಮಾವ ನೇರ ನಮ್ಮ ಫ್ಲ್ಯಾಟಿಗೆ ಬಂದ. ಅದು ಭಾನುವಾರವಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನೆಲದ ಮೇಲೇ ಕೂತು, ಹುಟ್ಟಿದಾಗಿನಿಂದ ಆಡದಷ್ಟು ಮಾತನ್ನು ಒಂದೇ ಸಲ ಆಡಿದ. ಕೊನೆಯ ಸಲ ಕೋರ್ಟಿನಿಂದ ಮನೆಗೆ ಬರುವಾಗ ಸಾಹೇಬರೇ ಮಾತು ತೆಗೆದರಂತೆ.

“ನೋಡಪ್ಪ, ನೀನು ಸುತ್ತಿಸಿದಷ್ಟೂ ಗುಂಪು ದೊಡ್ಡದು ಅಂತ ನನಗೆ ಗೊತ್ತಾಗೋದು. ಯಾರ ಕಡೆ ಗುಂಪು ಅನ್ನೋದನ್ನ ವಕೀಲರ ಗಂಟಲು ಹೇಳೋದು.”

ಸಾಹೇಬರು ಮುಂದುವರಿಸಿದರು. ಮೊದಲು ಅವರು ಬರೆದಿಟ್ಟಿದ್ದು ಮನೆಗಳು ಹೋಗಬೇಕು ಎಂದೇ. ಆಮೇಲೆ ಸುತ್ತು ದಿನದಿನಕ್ಕೆ ದೊಡ್ಡದಾಯಿತು, ಮನೆಗಳ ಕಡೆಯ ವಕೀಲರ ದನಿ ಏರಿತು. ಒಂದು ಸಂಜೆ ಕಾಗದ ಪತ್ರ ಮತ್ತೆ ತೆಗೆದು ಓದಿದಾಗ ಕಾನೂನು ಬೇರೆ ಥರ ಕಂಡಿತು. ಮನೆಗಳು ಉಳಿಯಬೇಕು ಎಂದು ಹೊಸದಾಗಿ ಬರೆದರು. ಅದು ಬರೀ ಕಾನೂನೇ ಎಂದು ಅವರು ನಂಬಿದ್ದರು. ಡಬ್ಬಿ ಹಿಡಿದವಳನ್ನು ಏರಿಯ ಮೇಲೆ ಕಂಡ ದಿನ ಅವರಲ್ಲಿ ಒಂದು ಪ್ರಶ್ನೆ ಹುಟ್ಟಿತು. ಆ ಕಾಗದವನ್ನು ನಾನು ಎರಡನೇ ಸಲ ಯಾಕೆ ತೆಗೆದೆ?

“ಉತ್ತರ ಸಿಗ್ಲಿಲ್ಲ. ಅದಕ್ಕೇ ಬಿಟ್ಟೆ. ನಿಮ್ಮಕ್ಕನಿಂದ ಅಲ್ಲ.”

ನಾನು ಸೇರಿಸಿದ ಜನ ಒಂದು ಮುಖವನ್ನೂ ತೋರಿಸದೆ ಸಾಹೇಬರ ಕಾರಿನೊಳಗೆ ಹೋಗಿ ಕೂತಿತ್ತು. ಒಳಗೆ ಕರೆದುಕೊಂಡು ಹೋದವನು ನಮ್ಮ ಮಾವ. ನಾವು ಗೆದ್ದಿದ್ದೆವು, ಮತ್ತು ಆ ಗೆಲುವನ್ನು ಕಂಡೇ ಸಾಹೇಬರು ಕೈಬಿಟ್ಟರು. ಆದರೆ ಮಾವ ಬಂದದ್ದು ಅದಕ್ಕಲ್ಲ. ಅವನು ಅಮ್ಮನ ಕಡೆ ತಿರುಗಿದ.

“ಮನೆ ಹೋಗಿದ್ದು ನಿನ್ನಿಂದ ಅಲ್ಲ ಅಕ್ಕ. ಸಾಹೇಬ್ರೇ ಹೇಳಿದ್ರು. ಇನ್ನು ನೀನು ಕೊರಗಬೇಡ.”

ಅಮ್ಮ ಅವನನ್ನೇ ನೋಡುತ್ತಾ ಕೂತಿದ್ದಳು. ಅವಳ ಮುಖದಲ್ಲಿ ನಾನು ಎದುರು ನೋಡಿದ ಬಿಡುಗಡೆ ಕಾಣಲಿಲ್ಲ.

“ನನ್ನಿಂದ ಅಂತ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ಲ ಕಣೋ,” ಎಂದಳು. “ನಿನ್ನಿಂದ ಅಂದ್ಕೊಂಡಿದ್ದೆ. ಒಂದು ಮಾತು ಹಾಕಿದ್ರೆ ಉಳೀತಿತ್ತು, ಹಾಕ್ಲಿಲ್ಲ ಅಂತ. ಇಲ್ಲಿಗೆ ಬಂದ್ಮೇಲೆ ಪ್ರತಿ ಭಾನುವಾರ ಅದನ್ನೇ ಅಂದ್ಕೊಂಡು ನಿನಗೆ ಬಡಿಸಿದೀನಿ.”

ಮಾವ ತಲೆ ತಗ್ಗಿಸಿದ. ನೆಲ ನೋಡುತ್ತಲೇ ಕೇಳಿದ.

“ಈಗ?”

“ಈಗ ಗೊತ್ತಾಯ್ತಲ್ಲ, ನಿನ್ನಿಂದ್ಲೂ ಅಲ್ಲ ಅಂತ. ಆದ್ರೂ ಒಂದಷ್ಟು ದಿನ ಬೇಕು ಕಣೋ. ಮನಸ್ಸೇನು ಕಾರಾ, ಹಿಡಿದು ತಿರುಗಿಸೋಕೆ?”

ಮಾವ ಹೌದು ಎಂಬಂತೆ ತಲೆಯಾಡಿಸಿದ. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಒಳಗೆ ಅವರಿಬ್ಬರೂ ಮಾತಾಡಲಿಲ್ಲ. ಆದರೆ ಅವನು ಎದ್ದು ಹೋಗಲೂ ಇಲ್ಲ, ಅವಳು ಹೋಗು ಎನ್ನಲೂ ಇಲ್ಲ.